ಕುದುರೆಗಾಡಿಯ ಊರಿಗೆ ಬಂದ ದಡಾರ

ಈ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಹಸಿರು ಹೊಲ, ನಡುವೆ ಕಪ್ಪು ಕುದುರೆಗಾಡಿ, ಉದ್ದ ಗಡ್ಡದ ಗಂಡಸರು, ತಲೆಗೆ ಬಿಳಿ ಟೋಪಿ ಕಟ್ಟಿಕೊಂಡ ಹೆಂಗಸರು, ಬರಿಗಾಲಲ್ಲಿ ಓಡಾಡೋ ಮಕ್ಕಳು. ಹಿಂದಿನಿಂದ ಒಂದು ಗಂಭೀರ ದನಿ. ಇವರು ಅಮೆರಿಕದ ಅಮಿಷ್ ಜನ, ಮಕ್ಕಳಿಗೆ ಲಸಿಕೆ ಹಾಕಿಸೋದೇ ಇಲ್ಲ, ಅದಕ್ಕೇ ಇವರಲ್ಲಿ ಆಟಿಸಂ ಇಲ್ಲ, ಕಾಯಿಲೆ ಇಲ್ಲ ಅಂತ. ಕೊನೆಗೆ ಮಾಮೂಲಿ ಮಾತು: ಹತ್ತು ಜನಕ್ಕೆ ಕಳಿಸಿ.

ನೋಡಿ, ಸುಳ್ಳು ಯಾವತ್ತೂ ಪೂರ್ತಿ ಸುಳ್ಳಾಗಿ ಬರಲ್ಲ. ಸ್ವಲ್ಪ ನಿಜ ಬೆರೆಸಿಕೊಂಡೇ ಬರುತ್ತೆ. ಅಮಿಷ್ ಮಕ್ಕಳಲ್ಲಿ ಆಸ್ತಮಾ, ಅಲರ್ಜಿ ಕಡಿಮೆ ಅನ್ನೋದು ನಿಜ. 2016ರಲ್ಲಿ ಅಮೆರಿಕದ ವಿಜ್ಞಾನಿಗಳು ಅಮಿಷ್ ಮಕ್ಕಳನ್ನೂ, ಅವರಂಥದ್ದೇ ಹಿನ್ನೆಲೆಯ ಹಟರೈಟ್ ಅನ್ನೋ ಪಂಗಡದ ಮಕ್ಕಳನ್ನೂ ಹೋಲಿಸಿ ನೋಡಿದರು. ಹಟರೈಟರದ್ದು ದೊಡ್ಡ ಯಂತ್ರಗಳ ಬೇಸಾಯ. ಅಮಿಷರ ದನದ ಕೊಟ್ಟಿಗೆ ಮನೆಗೆ ಅಂಟಿಕೊಂಡಂತೇ ಇರುತ್ತೆ. ವಿಜ್ಞಾನಿಗಳು ಬೆರಳು ತೋರಿಸಿದ್ದು ಕೊಟ್ಟಿಗೆಯ ಧೂಳಿನ ಕಡೆಗೆ. ಆ ಧೂಳಲ್ಲಿ ಬೆಳೆದ ಮಕ್ಕಳ ರೋಗನಿರೋಧಕ ಶಕ್ತಿ ಬೇರೆ ಥರ ಪಳಗುತ್ತೆ. ವಿಡಿಯೋದವನು ಸಗಣಿಗೆ ಸಲ್ಲಬೇಕಾದ ಕೀರ್ತಿಯನ್ನ ತೆಗೆದು ಲಸಿಕೆ ಹಾಕಿಸದೇ ಇರೋದಕ್ಕೆ ಕೊಟ್ಟಿದ್ದಾನೆ. ಇನ್ನು ಆಟಿಸಂ ವಿಷಯ. ಒಹಾಯೊ, ಇಂಡಿಯಾನಾದ ಅಮಿಷ್ ಮಕ್ಕಳಲ್ಲಿ ಅದನ್ನ ವೈದ್ಯರು ಗುರುತಿಸಿದ್ದಾರೆ. ಇಲ್ಲ ಅನ್ನೋದು ಸುಳ್ಳು. ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋ ಕಥೆಯೇ 1998ರಲ್ಲಿ ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ವೈದ್ಯ ಪ್ರಕಟಿಸಿದ ಒಂದು ಪ್ರಬಂಧದಿಂದ ಹಬ್ಬಿದ್ದು. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಅದನ್ನ ವಾಪಸ್ ತೆಗೆದುಕೊಂಡಿತು, ಆತನ ವೈದ್ಯ ನೋಂದಣಿಯೂ ಹೋಯ್ತು.

ಕಾಯಿಲೆಯೇ ಇಲ್ಲ ಅನ್ನೋದು ಮಾತ್ರ ಅಪ್ಪಟ ಸುಳ್ಳು. ಅಮೆರಿಕದಲ್ಲಿ ಪೋಲಿಯೊ ಕೊನೆಯ ಬಾರಿಗೆ ಊರಿಂದ ಊರಿಗೆ ಹಬ್ಬಿದ್ದು ಯಾರ ಮನೆಗಳಲ್ಲಿ ಗೊತ್ತಾ? ಅಮಿಷರ ಮನೆಗಳಲ್ಲಿ, 1979ರಲ್ಲಿ. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಈ ಜನ ಯಾರು ಅಂತ ತಿಳ್ಕೊಳ್ಳೋಣ. ಅದು ಗೊತ್ತಿಲ್ಲದೆ ಇಡೀ ವಿಷಯ ಅರ್ಥವಾಗಲ್ಲ.

500 ವರ್ಷದ ಹಿಂದಿನ ಮಾತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಒಂದು ತಕರಾರು ತೆಗೆದರು. ಹಾಲು ಕುಡಿಯೋ ಕೂಸಿಗೆ ದೀಕ್ಷಾಸ್ನಾನ ಮಾಡಿಸಿದರೆ ಏನು ಬಂತು, ಬುದ್ಧಿ ಬೆಳೆದ ಮೇಲೆ ತಾನಾಗಿ ಒಪ್ಪಿ ತಗೊಂಡರೆ ಅಲ್ಲವೇ ಅದು ದೀಕ್ಷೆ ಅಂತ. ಇಷ್ಟಕ್ಕೇ ಅವರನ್ನ ಹುಡುಕಿ ಹುಡುಕಿ ನೀರಲ್ಲಿ ಮುಳುಗಿಸಿ ಕೊಂದರು, ಸುಟ್ಟರು, ಊರು ಬಿಡಿಸಿದರು. ಆ ಗುಂಪಿಗೆ ಅನಬ್ಯಾಪ್ಟಿಸ್ಟರು ಅಂತ ಹೆಸರು. ಹಾಲೆಂಡಿನ ಮೆನ್ನೊ ಸೈಮನ್ಸ್ ಅನ್ನೋ ಪಾದ್ರಿಯ ಹಿಂದೆ ಹೋದವರು ಮೆನೊನೈಟರಾದರು. 1693ರಲ್ಲಿ ಅವರಲ್ಲೇ ಯಾಕೋಬ್ ಅಮ್ಮನ್ ಅನ್ನೋರು, ನಮ್ಮ ಶಿಸ್ತು ಸಾಲದು ಅಂತ ಬೇರೆಯಾದರು. ಅವರ ಕಡೆಯವರು ಅಮಿಷರು. ಮುಂದಿನ ಶತಮಾನದಲ್ಲಿ ಹಡಗು ಹತ್ತಿ ಪೆನ್ಸಿಲ್ವೇನಿಯಾಕ್ಕೆ ಬಂದರು. ಇವತ್ತು ಅಮಿಷರ ಸಂಖ್ಯೆ ಸುಮಾರು 4 ಲಕ್ಷ. ಕಾರು ಓಡಿಸಲ್ಲ, ಕರೆಂಟಿನ ತಂತಿ ಎಳೆಸಿಕೊಳ್ಳಲ್ಲ, 8ನೇ ತರಗತಿಯ ಮೇಲೆ ಮಕ್ಕಳನ್ನ ಓದಿಸಲ್ಲ. ಹಾಗೆ ಓದಿಸದೇ ಇರೋ ಹಕ್ಕನ್ನ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದಲೇ ಗೆದ್ದುಕೊಂಡಿದ್ದಾರೆ.

ಮೆನೊನೈಟರು ಅಂದ ಕೂಡಲೇ ಎಲ್ಲರೂ ಕುದುರೆಗಾಡಿಯವರು ಅಂದ್ಕೋಬೇಡಿ. ಬೆಂಗಳೂರಿಂದ ಹೈದರಾಬಾದಿಗೆ ಹೋಗೋ ಹೆದ್ದಾರಿಯಲ್ಲಿ ಜಡ್ಚರ್ಲಾ ಅಂತ ಊರು ಸಿಗುತ್ತೆ. ಅಲ್ಲಿರೋ ಮಿಷನ್ ಆಸ್ಪತ್ರೆ ಕಟ್ಟಿದ್ದು ಮೆನೊನೈಟ್ ಬ್ರದರನ್ ಪಂಥದವರೇ. ತೆಲಂಗಾಣದ ಆ ಭಾಗದಲ್ಲಿ ಅವರ ಚರ್ಚುಗಳು ಇವತ್ತಿಗೂ ಇವೆ. ಒಂದೇ ಹೆಸರಿನಡಿ ಕೋಟು ಹಾಕಿದ ಡಾಕ್ಟರೂ ಇದ್ದಾನೆ, ಮಗುವಿಗೆ ಚುಚ್ಚುಮದ್ದು ಬೇಡ ಅನ್ನೋ ರೈತನೂ ಇದ್ದಾನೆ. ನಾನು ಮಾತಾಡ್ತಿರೋದು ಹಳೆಯ ಕಟ್ಟುಪಾಡಿನ ಗುಂಪುಗಳ ಬಗ್ಗೆ.

ಈಗ ಮುಖ್ಯ ಪ್ರಶ್ನೆ. ಇವರ ಧರ್ಮ ಲಸಿಕೆ ಬೇಡ ಅನ್ನುತ್ತಾ?

ಇಲ್ಲ. ಬೈಬಲ್ಲಿನಲ್ಲಿ ಹಾಗೇನೂ ಇಲ್ಲ, ಅಮಿಷರ ‘ಓರ್ಡ್‌ನುಂಗ್’ ಅನ್ನೋ ಕಟ್ಟಳೆಗಳಲ್ಲೂ ಲಸಿಕೆಗೆ ಸಾರಾಸಗಟು ನಿಷೇಧ ಇಲ್ಲ. ಆಸ್ಪತ್ರೆಗೆ ಹೋಗ್ತಾರೆ. ಆಪರೇಷನ್ ಮಾಡಿಸ್ಕೋತಾರೆ. ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್‌ನಲ್ಲಿ 1989ರಲ್ಲಿ ಡಾಕ್ಟರ್ ಹೋಮ್ಸ್ ಮಾರ್ಟನ್ ‘ಕ್ಲಿನಿಕ್ ಫಾರ್ ಸ್ಪೆಷಲ್ ಚಿಲ್ಡ್ರನ್’ ಶುರು ಮಾಡಿದರು. ತಮ್ಮತಮ್ಮಲ್ಲೇ ಮದುವೆಯಾಗೋ ಸಮುದಾಯ ಆದ್ದರಿಂದ ಅಪರೂಪದ ಆನುವಂಶಿಕ ಕಾಯಿಲೆಗಳು ಅವರಲ್ಲಿ ಜಾಸ್ತಿ. ಆ ಕ್ಲಿನಿಕ್ಕಿನ ಕಟ್ಟಡವನ್ನ ಅಮಿಷರು, ಮೆನೊನೈಟರು ಒಟ್ಟಾಗಿ ಕೈಯಾರೆ ಎತ್ತಿ ನಿಲ್ಲಿಸಿದರು, ನಮ್ಮ ಹಳ್ಳಿಯಲ್ಲಿ ಮುಯ್ಯಾಳು ಸೇರಿ ಮನೆ ಎತ್ತಿದ ಹಾಗೆ. ಜೀನ್ ಪರೀಕ್ಷೆ ನಡೆಯೋ ಆಸ್ಪತ್ರೆಯ ಖರ್ಚಿಗೆ ಹೊಲಿದ ಕೌದಿ, ಮರದ ಕುರ್ಚಿ ಹರಾಜು ಹಾಕಿ ದುಡ್ಡು ಕೂಡಿಸ್ತಾರೆ. ಇವರು ವಿಜ್ಞಾನದ ವೈರಿಗಳು ಅಂತ ನನಗಂತೂ ಅನ್ನಿಸಲ್ಲ.

ಮತ್ತೆ ತಡೆ ಯಾವುದು? ದೂರ, ದುಡ್ಡು? ಅದೂ ಇದೆ. ಕುದುರೆಗಾಡಿಯಲ್ಲಿ 20 ಮೈಲಿ ಹೋಗೋದು ಅಂದ್ರೆ ಅರ್ಧ ದಿನದ ಕೆಲಸ. ವಿಮೆ ಮಾಡಿಸಲ್ಲ, ಯಾರಿಗೆ ಕಷ್ಟ ಬಂದರೂ ಊರೇ ಸೇರಿ ಬಿಲ್ ಕಟ್ಟುತ್ತೆ. ಆದರೆ ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಮಾಡಿದ ಒಂದು ಸಮೀಕ್ಷೆ ಬೇರೆಯದನ್ನೇ ಹೇಳಿತು. 2011ರಲ್ಲಿ ಮಕ್ಕಳ ವೈದ್ಯರ ಪತ್ರಿಕೆಯೊಂದರಲ್ಲಿ ಪ್ರಕಟವಾಯ್ತು. ಉತ್ತರ ಕೊಟ್ಟ 359 ಅಮಿಷ್ ಮನೆಗಳಲ್ಲಿ, ಯಾವ ಮಗುವಿಗೂ ಯಾವ ಲಸಿಕೆಯನ್ನೂ ಹಾಕಿಸಿಲ್ಲ ಅಂದವರು ಬರೀ 14%. ಅಂದರೆ ವಿಡಿಯೋದವನ ‘ಹಾಕಿಸೋದೇ ಇಲ್ಲ’ ಅನ್ನೋ ಮಾತು ಅವತ್ತಿಗೇ ಸುಳ್ಳು. ಬೇಡ ಅಂದವರು ಕೊಟ್ಟ ಮುಖ್ಯ ಕಾರಣವೂ ದೇವರಲ್ಲ, ದೂರವಲ್ಲ. ಅಡ್ಡಪರಿಣಾಮದ ಭಯ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಓದಿದವರು ಪಡೋ ಅದೇ ಭಯ, ಸ್ವಾಮಿ!

ಇನ್ನೊಂದು ವಿಚಿತ್ರ ಕೇಳಿ. ಅದೇ ಹೋಮ್ಸ್ ಕೌಂಟಿಯಲ್ಲಿ 2020ರಲ್ಲಿ ಮತ್ತೆ ಕೇಳಿದಾಗ, ಲಸಿಕೆಯೇ ಹಾಕಿಸಲ್ಲ ಅಂದ ಮನೆಗಳು ಅರ್ಧಕ್ಕಿಂತ ಜಾಸ್ತಿ ಆಗಿದ್ದವು. ಹತ್ತು ವರ್ಷದಲ್ಲಿ ಧರ್ಮಗ್ರಂಥ ಬದಲಾಗಲಿಲ್ಲ, ಕುದುರೆಗಾಡಿಯೂ ಬದಲಾಗಲಿಲ್ಲ. ಟಿವಿ ಇಲ್ಲ, ಸ್ಮಾರ್ಟ್‌ಫೋನ್ ಇಲ್ಲ ಅಂತ ನಾವು ಅಂದ್ಕೊಂಡಿರೋ ಊರಿಗೆ ಹೊರಗಿನ ಲೋಕದ ಭಯ ಮಾತ್ರ ಹೇಗೋ ನುಸುಳಿಕೊಂಡು ಹೋಯ್ತು. ಇದರ ನಡುವೆ ನಮ್ಮ ನಿಮ್ಮಂಥವರ ಮೊಬೈಲಿನಲ್ಲಿ ಅವರೇ ಲಸಿಕೆ ವಿರೋಧದ ಪೋಸ್ಟರ್ ಆದರು. ಅವರ ಹೆಸರು ಹೇಳಿ ನಮ್ಮನ್ನ ಹೆದರಿಸ್ತಾರೆ, ನಮ್ಮ ಭಯವನ್ನ ಒಯ್ದು ಅವರಿಗೆ ಅಂಟಿಸ್ತಾರೆ.

1979ರ ಪೋಲಿಯೊಗೆ ಬರೋಣ. ಅದರ ಹಿಂದಿನ ವರ್ಷ ನೆದರ್‌ಲೆಂಡ್ಸ್‌ನಲ್ಲಿ ಪೋಲಿಯೊ ಎದ್ದಿತ್ತು, 110 ಜನಕ್ಕೆ. ಅದು ಅಲ್ಲಿನ ಕಟ್ಟಾ ಸುಧಾರಿತ ಪ್ರಾಟೆಸ್ಟೆಂಟರಲ್ಲಿ. ಅವರದ್ದು ನಿಜವಾಗಿಯೂ ದೇವರ ಕಾರಣ. ಬರೋದು ಹೋಗೋದು ಎಲ್ಲ ಆತನ ಇಚ್ಛೆ, ಮಧ್ಯೆ ನಾವು ಕೈ ಹಾಕಬಾರದು ಅನ್ನೋ ವಾದ. ಅಲ್ಲಿಂದ ನೆಂಟರಿಷ್ಟರ ಜೊತೆ ವೈರಸ್ ಕೆನಡಾಕ್ಕೆ ಹೋಯ್ತು, ಕೆನಡಾದಿಂದ ಪೆನ್ಸಿಲ್ವೇನಿಯಾದ ಅಮಿಷರ ಊರಿಗೆ ಇಳೀತು, ಅಲ್ಲಿಂದ ಬೇರೆ ರಾಜ್ಯಗಳಿಗೆ. ಲಸಿಕೆ ಹಾಕಿಸಿಕೊಳ್ಳದ 10 ಜನಕ್ಕೆ ಪಾರ್ಶ್ವವಾಯು ಹೊಡೀತು. ಆರೋಗ್ಯ ಇಲಾಖೆಯವರು ಬಿಷಪ್ಪರ ಹತ್ತಿರ ಕೂತು ಮಾತಾಡಿದ ಮೇಲೆ ಸಾವಿರಾರು ಅಮಿಷರು ಹನಿ ಹಾಕಿಸಿಕೊಂಡರು. ಅಲ್ಲಿಗೆ ಅಮೆರಿಕದ ನೆಲದ ಪೋಲಿಯೊ ಮುಗೀತು.

ನಡುವೆ ಬೇರೆ ಕಾಯಿಲೆಗಳೂ ಬಂದು ಹೋದವು. 1991ರಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಅಮಿಷರಲ್ಲಿ ರುಬೆಲ್ಲಾ ಹಬ್ಬಿತು. ದೊಡ್ಡವರಿಗೆ ಅದು ಮೂರು ದಿನದ ಜ್ವರ. ಬಸುರಿಗೆ ಬಂದರೆ ಹೊಟ್ಟೆಯೊಳಗಿನ ಮಗುವಿನ ಕಣ್ಣು, ಕಿವಿ, ಹೃದಯಕ್ಕೇ ಕುತ್ತು. ಅಂಥ ಮಕ್ಕಳು ಅಲ್ಲಿ ಹುಟ್ಟಿದವು. 2004ರ ಸೆಪ್ಟೆಂಬರಿನಿಂದ ಆರೇ ತಿಂಗಳಲ್ಲಿ ಡೆಲವೇರ್‌ನ ಒಂದೇ ಅಮಿಷ್ ಸಮುದಾಯದಲ್ಲಿ 345 ಜನಕ್ಕೆ ನಾಯಿಕೆಮ್ಮು.

ಒಹಾಯೊದ ಕಥೆಯನ್ನ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು.

2013ರ ನವೆಂಬರಿನಲ್ಲಿ ಫಿಲಿಪ್ಪೀನ್ಸ್‌ಗೆ ಹೈಯಾನ್ ಚಂಡಮಾರುತ ಅಪ್ಪಳಿಸಿತು. 6,000ಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಮನೆಗಳನ್ನ ಕಟ್ಟಿಕೊಡೋದಕ್ಕೆ ಅಂತ ಒಹಾಯೊದಿಂದ ಅಮಿಷ್ ಗಂಡಸರು ಹೋದರು. ಮರಗೆಲಸ ಅವರ ಕೈಯಲ್ಲಿರೋ ವಿದ್ಯೆ. ಪುಣ್ಯದ ಕೆಲಸವೇ. ಆದರೆ ಅಲ್ಲಿ ಆಗ ದಡಾರ ಹಬ್ಬಿತ್ತು. ನಮ್ಮ ಉತ್ತರ ಕರ್ನಾಟಕದ ಕಡೆ ಗೊಬ್ಬರ ಅಂತಾರಲ್ಲ, ಅದೇ. ಇಬ್ಬರು 2014ರ ಮಾರ್ಚಿನಲ್ಲಿ ಊರಿಗೆ ಬಂದರು. ಅವರಿಬ್ಬರೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಜ್ವರ ಬಂತು. ಫಿಲಿಪ್ಪೀನ್ಸ್‌ನಿಂದ ಬಂದವನಿಗೆ ಜ್ವರ ಅಂದ್ರೆ ಡೆಂಗಿ ಇರಬೇಕು ಅಂದುಬಿಟ್ಟರು. ದಡಾರ ಅಂತ ಗೊತ್ತಾಗೋ ಹೊತ್ತಿಗೆ ಅದು ಮನೆ ದಾಟಿ ಊರು ಸೇರಿತ್ತು.

ಅಮಿಷರಿಗೆ ಚರ್ಚಿನ ಕಟ್ಟಡ ಇರಲ್ಲ. ಎರಡು ವಾರಕ್ಕೊಮ್ಮೆ ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಮೂರು ಗಂಟೆ ಒಂದೇ ಸೂರಿನಡಿ, ಬೆಂಚಿಗೆ ಬೆಂಚು ತಾಗಿಸಿ, ಅಜ್ಜನಿಂದ ಕೂಸಿನವರೆಗೆ. ಆಮೇಲೆ ಊಟ. ಮನೆಗೆ ಆರು ಏಳು ಮಕ್ಕಳು. ದಡಾರದ ವೈರಸ್‌ಗೆ ಇದಕ್ಕಿಂತ ಇನ್ನೇನು ಬೇಕು? ರೋಗಿ ಎದ್ದು ಹೋದ ಮೇಲೂ ಎರಡು ಗಂಟೆ ಆ ಕೋಣೆಯ ಗಾಳಿಯಲ್ಲಿ ಇರುತ್ತೆ. ರಕ್ಷಣೆ ಇಲ್ಲದ 10 ಜನ ಹತ್ತಿರ ಬಂದರೆ 9 ಜನಕ್ಕೆ ಹತ್ತುತ್ತೆ. ಮೈಮೇಲೆ ಗುಳ್ಳೆ ಕಾಣಿಸೋದಕ್ಕೆ ನಾಲ್ಕು ದಿನ ಮೊದಲೇ ಹರಡೋಕೆ ಶುರು. ಅಂದರೆ ಮಗುವನ್ನ ಬೇರೆ ಕೋಣೆಯಲ್ಲಿ ಮಲಗಿಸಬೇಕು ಅಂತ ಅಮ್ಮನಿಗೆ ಹೊಳೆಯೋ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತೆ.

ಜುಲೈ ಕೊನೆಯ ಹೊತ್ತಿಗೆ ಒಹಾಯೊದ 9 ಕೌಂಟಿಗಳಲ್ಲಿ 383 ಜನಕ್ಕೆ ದಡಾರ. ಆ ವರ್ಷ ಇಡೀ ಅಮೆರಿಕದಲ್ಲಿ 667. ಅರ್ಧಕ್ಕಿಂತ ಹೆಚ್ಚು ಇದೊಂದೇ ಕಡೆ. ದಡಾರ ಬಂದ 100 ಜನರಲ್ಲಿ 99 ಜನ ಅಮಿಷರು. ಪಕ್ಕದ ಅಂಗಡಿಯವನಿಗೆ, ಹಾಲಿನ ಲಾರಿಯವನಿಗೆ, ಅಮಿಷರನ್ನ ಕಾರಲ್ಲಿ ಕರೆದೊಯ್ಯೋ ಡ್ರೈವರಿಗೆ ಯಾಕೆ ಬರಲಿಲ್ಲ? ಎಲ್ಲರೂ ಉಸಿರಾಡಿದ್ದು ಒಂದೇ ಗಾಳಿ. ಒಂದೇ ವ್ಯತ್ಯಾಸ. ಹೊರಗಿನವರಲ್ಲಿ 88%ಗಿಂತ ಹೆಚ್ಚು ಜನಕ್ಕೆ ಲಸಿಕೆ ಆಗಿತ್ತು, ದಡಾರ ಹೊಕ್ಕ ಅಮಿಷ್ ಮನೆಗಳಲ್ಲಿ ಸುಮಾರು 14%. ಲಸಿಕೆ ಕೆಲಸ ಮಾಡುತ್ತಾ ಇಲ್ವಾ ಅಂತ ಕೇಳೋರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ನಾನಂತೂ ಬೇರೆಲ್ಲೂ ನೋಡಿಲ್ಲ.

ಮುಂದೇನಾಯ್ತು ಅನ್ನೋದು ಇನ್ನೂ ಮುಖ್ಯ. ಯಾರನ್ನೂ ಜೈಲಿಗೆ ಹಾಕಲಿಲ್ಲ, ಯಾರ ಮೇಲೂ ದಂಡ ಹೇರಲಿಲ್ಲ. ಆರೋಗ್ಯ ಇಲಾಖೆಯವರು ಲಸಿಕೆ ಹಿಡ್ಕೊಂಡು ಅವರಿದ್ದಲ್ಲಿಗೇ ಹೋದರು. ಬಿಟ್ಟಿಯಾಗಿ ಹಾಕಿದರು. ಹಿರಿಯರ ಜೊತೆ ಮಾತಾಡಿದರು. ಕಾಯಿಲೆ ಬಂದ ಮನೆಯವರೇ ಬಾಗಿಲು ಹಾಕ್ಕೊಂಡು ಕೂತರು. ಆ ಭಾಗದಲ್ಲಿ 10,000ಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಯಾರೂ ಸಾಯಲಿಲ್ಲ. ನಾಲ್ಕು ತಿಂಗಳಲ್ಲಿ ಮುಗೀತು.

ಹತ್ತು ವರ್ಷದ ಮೇಲೆ ಅದೇ ಕಾಯಿಲೆ ಮತ್ತೆ ಬಂತು. ಈ ಸಲ ಹಾಗೆ ಮುಗಿಯಲಿಲ್ಲ.

ಇದು ಅಮಿಷರ ದಾಯಾದಿಗಳಾದ ಮೆನೊನೈಟರ ಇನ್ನೊಂದು ಕವಲಿನ ಕಥೆ. ಇವರು ಆಡೋದು ಪ್ಲಾಟ್‌ಡೀಚ್ ಅನ್ನೋ ತಗ್ಗು ಜರ್ಮನ್ ಭಾಷೆ. ಹಾಲೆಂಡಿನಿಂದ ಪ್ರಷ್ಯಾಕ್ಕೆ ಹೋದರು. ರಷ್ಯಾದ ರಾಣಿ ಕ್ಯಾಥರೀನ್ ಕರೆದಳು ಅಂತ ಇವತ್ತಿನ ಉಕ್ರೇನಿನ ಬಯಲಿಗೆ ಹೋಗಿ ನೆಲ ಉತ್ತರು. ಅಲ್ಲಿ ಕಡ್ಡಾಯ ಸೈನಿಕ ಸೇವೆ ಅಂದಾಗ 1874ರಲ್ಲಿ ಕೆನಡಾದ ಮ್ಯಾನಿಟೋಬಾಕ್ಕೆ ಹೊರಟರು. ಮಕ್ಕಳು ಇಂಗ್ಲಿಷ್ ಶಾಲೆಗೆ ಬರಲೇಬೇಕು ಅಂತ ಕೆನಡಾ ಒತ್ತಾಯಿಸಿದಾಗ 1922ರಲ್ಲಿ ರೈಲು ಹತ್ತಿ ಮೆಕ್ಸಿಕೋದ ಚಿವಾವಾ ರಾಜ್ಯಕ್ಕೆ ಬಂದರು. ಅಲ್ಲಿಂದ ಒಂದು ಗುಂಪು 1977ರಲ್ಲಿ ಟೆಕ್ಸಾಸಿನ ಸೆಮಿನೋಲ್ ಅನ್ನೋ ಊರಲ್ಲಿ ಜಮೀನು ಕೊಂಡಿತು. ಯಾವ ಸರ್ಕಾರ ಶಾಲೆಗೆ, ಸೈನ್ಯಕ್ಕೆ, ರಿಜಿಸ್ಟರಿಗೆ ಕೈ ಹಾಕಿತೋ ಆ ಸರ್ಕಾರ ಬಿಟ್ಟು ಹೊರಡೋದೇ ಇವರ 300 ವರ್ಷದ ಚರಿತ್ರೆ. ಸರ್ಕಾರಿ ಬ್ಯಾಡ್ಜ್ ಹಾಕ್ಕೊಂಡು ಬಂದು ‘ನಿಮ್ಮ ಮಗುವಿನ ಒಳ್ಳೇದಕ್ಕೇ’ ಅಂದ್ರೆ, ಆ ಮಾತು ಅವರ ಕಿವಿಗೆ ಹೇಗೆ ಬೀಳುತ್ತೆ ಯೋಚಿಸಿ.

2024ರ ಅಕ್ಟೋಬರಿನಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮೆನೊನೈಟರು ಸೇರಿದ್ದ ಸಮಾರಂಭವೊಂದರಿಂದ ದಡಾರ ಹೊರಟಿತು. ಅತಿಥಿಗಳ ಜೊತೆ ಒಂಟಾರಿಯೊಗೆ ಹೋಯ್ತು. 2025ರ ಜನವರಿ ಕೊನೆಗೆ ಟೆಕ್ಸಾಸಿನ ಗೇನ್ಸ್ ಕೌಂಟಿ, ಅದೇ ಸೆಮಿನೋಲ್ ಇರೋ ಕೌಂಟಿ. ಹತ್ತಿ, ಕಡಲೆಕಾಯಿ ಬೆಳೆಯೋ ಜಾಗ. 22 ಸಾವಿರದಷ್ಟು ಜನ. ದಡಾರ ಹಬ್ಬದಂತೆ ತಡೀಬೇಕು ಅಂದ್ರೆ ಊರಿನ 95% ಜನಕ್ಕೆ ಲಸಿಕೆ ಆಗಿರಬೇಕು. ಗೇನ್ಸ್ ಕೌಂಟಿಯಲ್ಲಿ ಶಾಲೆಗೆ ಸೇರೋ ಪುಟ್ಟ ಮಕ್ಕಳಲ್ಲಿ ಸುಮಾರು 18% ಮಕ್ಕಳ ಅಪ್ಪ ಅಮ್ಮ, ನಮಗೆ ಲಸಿಕೆ ಬೇಡ ಅಂತ ಬರೆದುಕೊಟ್ಟಿದ್ದರು. ಟೆಕ್ಸಾಸಿನ ಕಾನೂನು ಅದಕ್ಕೆ ಅವಕಾಶ ಕೊಡುತ್ತೆ, ಮನಸ್ಸಾಕ್ಷಿ ಒಪ್ಪಲ್ಲ ಅಂದ್ರೆ ಸಾಕು. ಮನೆಯಲ್ಲೇ ಓದೋ ಮಕ್ಕಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಟೆಕ್ಸಾಸಿನಲ್ಲಿ ಒಟ್ಟು 762 ಜನಕ್ಕೆ ದಡಾರ, ಅದರಲ್ಲಿ 414 ಗೇನ್ಸ್ ಕೌಂಟಿಯೊಂದರಲ್ಲೇ. ಫೆಬ್ರವರಿಯಲ್ಲಿ 6 ವರ್ಷದ ಹುಡುಗಿ, ಏಪ್ರಿಲ್‌ನಲ್ಲಿ 8 ವರ್ಷದ ಇನ್ನೊಬ್ಬಳು. ಇಬ್ಬರಿಗೂ ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ಲಸಿಕೆಯೂ ಆಗಿರಲಿಲ್ಲ. ಅಮೆರಿಕದಲ್ಲಿ ದಡಾರದಿಂದ ಒಂದು ಸಾವು ಆಗಿ ಹತ್ತು ವರ್ಷವಾಗಿತ್ತು. ಮೊದಲ ಮಗುವಿನ ಅಪ್ಪ ಅಮ್ಮ ಆಮೇಲೂ, ಲಸಿಕೆ ಹಾಕಿಸಬೇಡಿ ಅಂತಲೇ ಕ್ಯಾಮೆರಾ ಮುಂದೆ ಹೇಳಿದರು. ಲಸಿಕೆ ವಿರೋಧಿ ಸಂಘಟನೆಯೊಂದು ಅದನ್ನ ಚಿತ್ರೀಕರಿಸಿ ಜಗತ್ತಿಗೆಲ್ಲ ಹಂಚಿತು. ಅವರನ್ನ ಬೈಯೋಕೆ ನನಗೆ ಬಾಯಿ ಬರಲ್ಲ. ಮಗು ಕಳ್ಕೊಂಡವರಿಗೆ, ತಮ್ಮ ತೀರ್ಮಾನದಿಂದಲೇ ಹೀಗಾಯ್ತು ಅಂತ ಒಪ್ಪಿಕೊಂಡು ಬದುಕೋದು ಎಷ್ಟು ಕಷ್ಟ ಅಂತ ಯಾರಿಗಾದರೂ ಗೊತ್ತಾಗುತ್ತೆ. ಸಿಟ್ಟು ಬರೋದು ಆ ಮನೆಗೆ ಕ್ಯಾಮೆರಾ ಹೊತ್ತುಕೊಂಡು ಹೋದವರ ಮೇಲೆ. ಕ್ಯಾಮೆರಾ ಜೊತೆಗೇ ಜೀವನ ಮಾಡೋ ನಾನು ಈ ಮಾತು ಹೇಳ್ತಿದೀನಿ.

ಆ ಹೊತ್ತಿಗೆ ಅಮೆರಿಕದ ಆರೋಗ್ಯ ಕಾರ್ಯದರ್ಶಿ ರಾಬರ್ಟ್ ಕೆನಡಿ ಜೂನಿಯರ್. ವರ್ಷಗಟ್ಟಲೆ ಲಸಿಕೆಗಳ ಮೇಲೆ ಅನುಮಾನ ಎತ್ತಿದವರು. ಲಸಿಕೆಯೇ ದಾರಿ ಅಂತ ಕೊನೆಗೆ ಅವರೂ ಹೇಳಿದರು, ಆದರೆ ಅದಕ್ಕೂ ಮೊದಲು ವಿಟಮಿನ್ ಎ, ಕಾಡ್ ಮೀನಿನೆಣ್ಣೆ ಬಗ್ಗೆ ಮಾತಾಡಿಬಿಟ್ಟಿದ್ದರು. ದಡಾರ ಬಂದ ಮಗುವಿಗೆ ಡಾಕ್ಟರು ಅಳತೆ ನೋಡಿ ವಿಟಮಿನ್ ಎ ಕೊಡೋದು ನಿಜ. ಆದರೆ ಅದು ಕಾಯಿಲೆ ಬರದಂತೆ ತಡೆಯಲ್ಲ. ಲಬ್ಬಕ್ ಊರಿನ ಆಸ್ಪತ್ರೆಗೆ ದಡಾರದ ಜೊತೆಗೆ ಲಿವರ್ ಕೆಟ್ಟ ಮಕ್ಕಳೂ ಬಂದರು, ವಿಟಮಿನ್ ಎ ಜಾಸ್ತಿಯಾಗಿ.

ದಡಾರ ಅಂದ್ರೆ ಎಲ್ಲ ಮಕ್ಕಳಿಗೂ ಬಂದು ಹೋಗೋದು, ಬೇವಿನ ಸೊಪ್ಪು ಕಟ್ಟಿದರೆ ಆಯ್ತು ಅಂತ ಅಜ್ಜಿಯಂದಿರು ಅಂತಿದ್ದರು. ಬಹಳ ಮಕ್ಕಳಿಗೆ ಹೋಗೂ ಹೋಗುತ್ತೆ. ಆದರೆ ಅಮೆರಿಕದಂಥ ದೇಶದಲ್ಲೂ ಲಸಿಕೆಯಿಲ್ಲದ ಐವರಲ್ಲಿ ಒಬ್ಬರು ಆಸ್ಪತ್ರೆ ಸೇರ್ತಾರೆ. ಸಾವಿರಕ್ಕೆ ಒಂದು ಮಗುವಿಗೆ ಮಿದುಳಿನ ಬಾವು, ಒಂದರಿಂದ ಮೂರು ಮಕ್ಕಳ ಸಾವು. ಕಾಯಿಲೆ ವಾಸಿಯಾದ ಮೇಲೂ, ಹಿಂದೆ ಬಂದುಹೋದ ಬೇರೆ ರೋಗಗಳ ವಿರುದ್ಧ ಮೈ ಕಲಿತಿದ್ದ ಪಾಠದಲ್ಲಿ ಒಂದಷ್ಟನ್ನ ದಡಾರ ಅಳಿಸಿಹಾಕಿ ಹೋಗಬಹುದು. ಎರಡು ಡೋಸ್ ಲಸಿಕೆ 97% ರಕ್ಷಣೆ ಕೊಡುತ್ತೆ. ಅಮೆರಿಕದಲ್ಲಿ ಮೊದಲ ಡೋಸ್ ವರ್ಷ ತುಂಬಿದ ಮೇಲೆ, ನಮ್ಮಲ್ಲಿ 9 ತಿಂಗಳಿಗೇ. ಅಲ್ಲಿಂದ ಕೂಸನ್ನ ಎತ್ತಿಕೊಂಡು ಊರಿಗೆ ಬರೋ ನಮ್ಮವರು ಒಂದು ವಿಷಯ ನೆನಪಿಡಿ. ಮಗುವಿಗೆ 6 ತಿಂಗಳು ತುಂಬಿದ್ದರೆ ವಿದೇಶ ಪ್ರಯಾಣಕ್ಕೆ ಮೊದಲು ಒಂದು ಡೋಸ್ ಮುಂಚಿತವಾಗಿ ಹಾಕಿಸಿ ಅಂತ ಅಮೆರಿಕದ ಆರೋಗ್ಯ ಇಲಾಖೆಯೇ ಹೇಳುತ್ತೆ.

‘ನಮ್ಮ ಮಗು, ನಮ್ಮ ಇಷ್ಟ, ನಿಮಗೇನು?’ ಅನ್ನೋ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ಬಂದಿದ್ದು ಮೆಕ್ಸಿಕೋದಿಂದ. ಚಿವಾವಾದ ಕುವಾಟೆಮೊಕ್ ಊರಿನ 8 ವರ್ಷದ ಮೆನೊನೈಟ್ ಹುಡುಗ ಸೆಮಿನೋಲ್‌ನ ನೆಂಟರ ಮನೆಗೆ ಹೋಗಿ ಬಂದ. ಫೆಬ್ರವರಿಯಲ್ಲಿ ಅವನಿಗೆ ದಡಾರ. ಶಾಲೆ, ಚರ್ಚು, ಆಮೇಲೆ ಸೇಬಿನ ತೋಟ, ಚೀಸ್ ಮಾಡೋ ಕಾರ್ಖಾನೆ. ಮೆನೊನೈಟರ ಚೀಸ್ ಅಂದ್ರೆ ಮೆಕ್ಸಿಕೋದಲ್ಲೆಲ್ಲ ಹೆಸರುವಾಸಿ. ತೋಟದಲ್ಲಿ ಕೂಲಿ ಮಾಡೋರು ಯಾರು? ಬೆಟ್ಟಗಳಿಂದ ಇಳಿದು ಬರೋ ರರಾಮುರಿ ಆದಿವಾಸಿಗಳು. ಬಡವರು, ಅರೆಹೊಟ್ಟೆಯವರು, ಆಸ್ಪತ್ರೆ ಮುಟ್ಟಬೇಕಾದ್ರೆ ದಿನಗಟ್ಟಲೆ ನಡೀಬೇಕಾದವರು. ಅವರು ಲಸಿಕೆ ಬೇಡ ಅಂದವರಲ್ಲ. ಲಸಿಕೆ ಅವರನ್ನ ಮುಟ್ಟಿರಲಿಲ್ಲ. ಆ ವರ್ಷ ಚಿವಾವಾದಲ್ಲಿ 4,000ಕ್ಕೂ ಹೆಚ್ಚು ಜನಕ್ಕೆ ದಡಾರ, 20ಕ್ಕೂ ಹೆಚ್ಚು ಸಾವು. ಸತ್ತವರಲ್ಲಿ ಬಹಳ ಮಂದಿ ಆದಿವಾಸಿಗಳು, ಹೊಲದ ಕೂಲಿಗಳು. ಕುದುರೆಗಾಡಿಯ ವಿಡಿಯೋದಲ್ಲಿ ಇವರು ಬರಲ್ಲ ನೋಡಿ.

ಕೆನಡಾದಲ್ಲಿ ದಡಾರ ಅಂಟಿಕೊಂಡೇ ಹುಟ್ಟಿದ ಎರಡು ಕೂಸುಗಳು ತೀರಿಕೊಂಡವು, ಒಂದು ಒಂಟಾರಿಯೊದಲ್ಲಿ, ಒಂದು ಆಲ್ಬರ್ಟಾದಲ್ಲಿ. ಎರಡೂ ದಿನ ತುಂಬುವ ಮೊದಲೇ ಹುಟ್ಟಿದವು. ಆ ತಾಯಂದಿರು ಯಾವ ಸಮುದಾಯದವರು ಅಂತ ಕೇಳಬೇಡಿ. ಅದು ಬೇಕಿಲ್ಲ. ಇಡೀ ಮೆನೊನೈಟರಿಗೆ ರೋಗದ ಹಣೆಪಟ್ಟಿ ಹಚ್ಚೋದೂ ತಪ್ಪು. ಸೆಮಿನೋಲ್‌ನಲ್ಲೇ ಮಕ್ಕಳಿಗೆ ಲಸಿಕೆ ಹಾಕಿಸಿದ ಮೆನೊನೈಟರು ಇದ್ದಾರೆ. ಒಂಟಾರಿಯೊದಲ್ಲಿ, ಚಿವಾವಾದಲ್ಲಿ ಅಧಿಕಾರಿಗಳು ಕೊನೆಗೆ ಪ್ಲಾಟ್‌ಡೀಚ್ ಭಾಷೆಯಲ್ಲಿ ಕರಪತ್ರ ಮಾಡಿಸಿ ಹಂಚಿದರು. ಒಳ್ಳೇದೇ. ಕಾಯಿಲೆ ಬರೋದಕ್ಕೆ ಮೊದಲೇ ಹಂಚಿದ್ದರೆ ಇನ್ನೂ ಒಳ್ಳೇದಿತ್ತು.

ಕಾನೂನಿನ ದಾರಿಯೂ ಇದೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ, ಧರ್ಮದ ಕಾರಣಕ್ಕೆ ಲಸಿಕೆ ಬೇಡ ಅನ್ನೋ ವಿನಾಯಿತಿಯನ್ನೇ ತೆಗೆದುಹಾಕಿತು. ಮೂರು ಅಮಿಷ್ ಶಾಲೆಗಳಿಗೆ 1,18,000 ಡಾಲರ್ ದಂಡ ಬಿತ್ತು. ಅಮಿಷರು ಸಾಮಾನ್ಯವಾಗಿ ಕೋರ್ಟ್ ಮೆಟ್ಟಿಲು ಹತ್ತೋ ಜನ ಅಲ್ಲ. ಹತ್ತಿದರು. ಇದು ನಮ್ಮ ನಂಬಿಕೆಯ ಪ್ರಶ್ನೆ ಅಂತ ವಾದಿಸಿದರು. ಕೆಳಗಿನ ಕೋರ್ಟುಗಳಲ್ಲಿ ಸೋತರು, 2025ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಪರಿಶೀಲಿಸಿ ಅಂತ ಪ್ರಕರಣವನ್ನ ವಾಪಸ್ ಕಳಿಸಿತು. ಭಯವಾಗಿದ್ದದ್ದು ದಂಡ ಬಿದ್ದ ಮೇಲೆ ನಂಬಿಕೆಯ ರೂಪ ತಾಳುತ್ತೆ ಅಂತ ನನ್ನ ಅನುಮಾನ. ಭಯವನ್ನಾದರೆ ಮಾತಾಡಿ ಇಳಿಸಬಹುದು. ನಂಬಿಕೆ ಅಂತ ಒಮ್ಮೆ ಆಯ್ತೋ, ಅದರ ಜೊತೆ ವಾದ ಮಾಡೋಕಾಗಲ್ಲ. ದಂಡವೇ ಬೇಡ ಅಂತ ಹೇಳ್ತಿಲ್ಲ. ಒಹಾಯೊದವರು 2014ರಲ್ಲಿ ಬೇರೆ ದಾರಿ ಹಿಡಿದು ಗೆದ್ದಿದ್ದರು ಅನ್ನೋದನ್ನ ಮಾತ್ರ ನೆನಪಿಸ್ತಿದೀನಿ.

ಈ ಸಲದ ವೈರಸ್‌ಗೆ ವಿಜ್ಞಾನಿಗಳು ಇಟ್ಟ ಹೆಸರಲ್ಲಿ ‘ಒಂಟಾರಿಯೊ’ ಅನ್ನೋ ಪದ ಇದೆ. ಟೆಕ್ಸಾಸಿನಲ್ಲಿ ಸಿಕ್ಕಿದ್ದು ಅದೇ, ಚಿವಾವಾದಲ್ಲೂ ಅದೇ. ಆಮೇಲೆ ಬೆಲೀಜ್, ಬೊಲಿವಿಯಾ, ಪರಾಗ್ವೇ. ಎಲ್ಲ ಕಡೆ ಮೆನೊನೈಟರ ಕಾಲೊನಿಗಳಿವೆ. ಸರ್ಕಾರಗಳಿಂದ ದೂರ ಹೋಗಬೇಕು ಅಂತ ಅವರ ಅಜ್ಜಂದಿರು ತುಳಿದ ದಾರಿಯಲ್ಲೇ, ನೆಂಟಸ್ತಿಕೆಯ ಎಳೆ ಹಿಡ್ಕೊಂಡು ದಡಾರ ನಡೀತಾ ಹೋಗಿದೆ. ಕೆನಡಾ 1998ರಲ್ಲೇ ದಡಾರ ಮುಕ್ತ ಆಗಿತ್ತು. 2025ರಲ್ಲಿ ಅಲ್ಲಿ 5,000ಕ್ಕೂ ಹೆಚ್ಚು ಪ್ರಕರಣ. ಒಂದೇ ತಳಿಯ ವೈರಸ್ 12 ತಿಂಗಳು ಬಿಡದೆ ಹರಡಿದರೆ ಆ ಪಟ್ಟ ಹೋಗುತ್ತೆ ಅನ್ನೋದು ನಿಯಮ. ನವೆಂಬರ್ 10ರಂದು ಹೋಯ್ತು. ಅದರ ಜೊತೆಗೆ ಇಡೀ ಅಮೆರಿಕ ಖಂಡಗಳ ಪಟ್ಟವೂ ಹೋಯ್ತು. ಅದನ್ನ ಅವರು ಮರಳಿ ಗಳಿಸಿದ್ದು ಬರೀ ಒಂದು ವರ್ಷದ ಹಿಂದೆ, 2024ರ ನವೆಂಬರಿನಲ್ಲಿ.